ಯೋ-ಯೋ ಆಡುವವರಿಗೆ ಸ್ಪಾನ್ಸರ್ ಸಿಗುವುದು ಹೇಗೆ? ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರ ನಡುವೆ ನಾವು ಒಂದಷ್ಟು ಜನ ಯೋ-ಯೋ (ಎರಡು ಹೋಳು ಸೇರಿಸಿದ, ದಾರದಿಂದ ತಿರುಗಿಸಿ ಆಡುವ ದುಂಡನೆಯ ಆಟಿಕೆ) ಆಡುತ್ತೇವೆ. ಹೊಸಬರಿಗೆ ಕಲಿಸುವ ಕೆಲಸ ನನ್ನದು. ಮೊದಮೊದಲು ಎಲ್ಲರೂ ‘ಹೆಂಗ್ ಎಸೆಯೋದು?’ ಅಂತ ಕೇಳುತ್ತಾರೆ. ಕೈ ಸ್ವಲ್ಪ ಪಳಗಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ‘ಅಣ್ಣಾ, ನಂಗೂ ಸ್ಪಾನ್ಸರ್ ಸಿಗುತ್ತಾ?’ ಮನೆಯವರ ಚಿಂತೆಗಳು ಬೇರೆ. ಎರಡೂ ಕಡೆಯ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಸ್ಪಾನ್ಸರ್ ಸಿಕ್ಕರೆ ಏನೇನು ಕೊಡುತ್ತಾರೆ?

ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಎಲ್ಲಕ್ಕಿಂತ ಕೆಳಗಿನದು ರಿಯಾಯಿತಿ. ನಿಮ್ಮ ಹೆಸರಿನ ಕೋಡ್ ಹಾಕಿದರೆ ಬೆಲೆಯಲ್ಲಿ ಇಂತಿಷ್ಟು ಕಡಿಮೆ. ಅದಕ್ಕಿಂತ ಮೇಲಿನದು ಸಾಮಾನು: ಹೊಸ ಮಾಡೆಲ್ ಬಂದಾಗ ಒಂದು ಯೋ-ಯೋ, ಒಂದು ಕಟ್ಟು ದಾರ, ಕಂಪನಿಯ ಟೀ ಶರ್ಟ್. ಇನ್ನೂ ಮೇಲೆ ಹೋದರೆ ಸ್ಪರ್ಧೆಯ ಪ್ರವೇಶ ಶುಲ್ಕ, ಕೆಲವರಿಗೆ ಪ್ರಯಾಣದ ಖರ್ಚು. ತೀರಾ ಮೇಲೆ ಇರುವವರಿಗೆ ಸಿಗುವುದು ಸಿಗ್ನೇಚರ್ ಮಾಡೆಲ್. ಅಂದರೆ ಆಟಗಾರನ ಕೈಗೆ, ಅವನ ಶೈಲಿಗೆ ಒಪ್ಪುವಂತೆ ಮಾಡಿ, ಅವನ ಹೆಸರಿನಲ್ಲೇ ಮಾರುವ ಯೋ-ಯೋ. ಯೋಯೋಫ್ಯಾಕ್ಟರಿ ಕಂಪನಿಯ ‘ಶಟರ್’ ಅಂದರೆ ಗೆಂಟ್ರಿ ಸ್ಟೈನ್, ‘ಎಡ್ಜ್’ ಅಂದರೆ ಇವಾನ್ ನಗಾವೊ. ಗೆಂಟ್ರಿ 2014 ಮತ್ತು 2019ರಲ್ಲಿ, ಇವಾನ್ 2018ರಲ್ಲಿ 1ಎ (ಒಂದೇ ಯೋ-ಯೋ ಹಿಡಿದು ದಾರದ ಮೇಲೆ ಕಸರತ್ತು ಮಾಡುವ) ವಿಭಾಗದ ವಿಶ್ವ ಚಾಂಪಿಯನ್ ಆದವರು. ಸಿಗ್ನೇಚರ್ ಮಾಡೆಲ್ ಎಂಥವರಿಗೆ ಸಿಗುತ್ತದೆ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಸಂಬಳ ಬರುತ್ತಾ?

ಬಹುತೇಕ ಯಾರಿಗೂ ಬರುವುದಿಲ್ಲ. ಯೋ-ಯೋದಿಂದಲೇ ಜೀವನ ನಡೆಸುವವರು ಇದ್ದಾರೆ, ಆದರೆ ಅವರು ವೇದಿಕೆ ಪ್ರದರ್ಶನ, ತರಬೇತಿ, ಅಂಗಡಿ ಹೀಗೆ ನಾಲ್ಕು ಕಡೆ ದುಡಿಯುವವರು. ಜಪಾನಿನ ‘ಬ್ಲ್ಯಾಕ್’ ಎಂಬ ಆಟಗಾರ 2001ರಲ್ಲೂ 2007ರಲ್ಲೂ ವಿಶ್ವ ಪ್ರಶಸ್ತಿ ಗೆದ್ದು, ಆಮೇಲೆ ವೇದಿಕೆ ಕಲಾವಿದನಾಗಿ ಹೆಸರು ಮಾಡಿದ. 2013ರ ‘ಟೆಡ್’ ಭಾಷಣ ವೇದಿಕೆಯಲ್ಲಿ ಆತ ಮಾತಾಡಿ, ಆಡಿ ತೋರಿಸಿದ್ದನ್ನು ಒಮ್ಮೆ ನೋಡಿ.

ನನಗೆ ಪುಕ್ಕಟೆ ಯೋ-ಯೋ ಕೊಟ್ಟರೆ ಕಂಪನಿಗೆ ಏನು ಲಾಭ?

ಈ ಪ್ರಶ್ನೆ ಕೇಳಿದ ಹುಡುಗನನ್ನು ನಾನು ಮೆಚ್ಚುತ್ತೇನೆ. ಇದು ಗೊತ್ತಾಗದೆ ಬರೆದ ಅರ್ಜಿಗಳೆಲ್ಲ ವ್ಯರ್ಥವಾಗುತ್ತವೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಫಿಲಿಪ್ಪೀನ್ಸ್‌ನಿಂದ ಅಮೆರಿಕಕ್ಕೆ ವಲಸೆ ಹೋದ ಪೆಡ್ರೊ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಯೋ-ಯೋ ಕಂಪನಿ ಶುರು ಮಾಡಿದರು. ಅದನ್ನು ಕೊಂಡುಕೊಂಡವರು ಡೊನಾಲ್ಡ್ ಡಂಕನ್. ಡಂಕನ್ ಕಂಪನಿ ಬೆಳೆದದ್ದು ಪತ್ರಿಕೆಯ ಜಾಹೀರಾತಿನಿಂದ ಮಾತ್ರ ಅಲ್ಲ. ಊರೂರಿಗೆ ಆಟಗಾರರನ್ನು ಕಳಿಸಿತು. ಅವರಲ್ಲಿ ಬಹಳಷ್ಟು ಜನ ಫಿಲಿಪ್ಪೀನ್ಸ್ ಮೂಲದವರೇ. ಅವರು ಆಟಿಕೆ ಅಂಗಡಿಯ ಮುಂದೆ ನಿಂತು ಆಡುವರು, ನೆರೆದ ಮಕ್ಕಳಿಗೆ ಕಲಿಸುವರು, ಅಲ್ಲೇ ಸಣ್ಣ ಸ್ಪರ್ಧೆ ಇಡುವರು, ಮಗು ಕೊಂಡ ಮರದ ಯೋ-ಯೋ ಮೇಲೆ ಚಾಕುವಿನಿಂದ ಚಿತ್ರ ಕೆತ್ತಿ ಕೊಡುವರು. ಅವರು ಊರು ಬಿಟ್ಟು ಹೋಗುವ ಹೊತ್ತಿಗೆ ಆ ಬೀದಿಯ ಮಕ್ಕಳ ಕೈಯಲ್ಲೆಲ್ಲ ಯೋ-ಯೋ. ನನ್ನ ಲೆಕ್ಕದಲ್ಲಿ ಮೊಟ್ಟಮೊದಲ ಸ್ಪಾನ್ಸರ್ಡ್ ಆಟಗಾರರು ಅವರೇ, ಮತ್ತು ಅವರ ಮೊದಲ ಕೆಲಸ ಕಲಿಸುವುದು.

ಜಪಾನಿನಲ್ಲೂ ಹಾಗೇ ಆಯಿತು. 1997ರಲ್ಲಿ ಬಂಡೈ ಕಂಪನಿ ‘ಹೈಪರ್ ಯೋ-ಯೋ’ ತಂದಾಗ ಹವಾಯಿಯ ಅಲನ್ ನಗಾವೊ ಅವರ ತಂಡ ಅಲ್ಲಿ ಹೋಗಿ ಆಡಿ ತೋರಿಸಿತು, ಕಲಿಸಿತು. ದೇಶದ ಮಕ್ಕಳೆಲ್ಲ ಯೋ-ಯೋ ಹಿಡಿದರು. ಮೇಲೆ ಹೇಳಿದ ಇವಾನ್ ಈ ಅಲನ್ ಅವರ ಮಗ.

ಹಾಗಾಗಿ ಕಂಪನಿ ನೋಡುವುದು ಇಷ್ಟು: ಈ ಹುಡುಗ ಅಥವಾ ಹುಡುಗಿ ಇರುವ ಕಡೆ ಹೊಸದಾಗಿ ಎಷ್ಟು ಜನ ಆಡಲು ಶುರು ಮಾಡುತ್ತಾರೆ? ನೀವು ಎಷ್ಟು ಯೋ-ಯೋ ಕೊಂಡಿದ್ದೀರಿ, ಎಷ್ಟು ವರ್ಷದಿಂದ ಅಭಿಮಾನಿ ಅನ್ನುವುದು ಅವರಿಗೆ ಸಂತೋಷದ ವಿಷಯ ಇರಬಹುದು, ಅದರಿಂದಲೇ ಸ್ಪಾನ್ಸರ್ ಮಾಡಲು ಮುಂದೆ ಬರುವುದಿಲ್ಲ.

ಹಾಗಾದರೆ ಒಂದೇ ಬ್ರ್ಯಾಂಡ್ ಹಿಡಿದು ಆಡುವುದರಿಂದ ಪ್ರಯೋಜನ ಇಲ್ಲವಾ?

ಪ್ರಯೋಜನ ಇದೆ, ಆದರೆ ನೀವು ಅಂದುಕೊಂಡಿರುವ ಕಾರಣಕ್ಕಲ್ಲ. ಒಂದೇ ಯೋ-ಯೋವನ್ನು ದಿನವೂ ಹಿಡಿದರೆ ಅದರ ತೂಕ, ತಿರುಗುವ ಅವಧಿ, ಯಾವ ಕೋನದಲ್ಲಿ ವಾಲುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ವಾರಕ್ಕೊಂದು ಬದಲಿಸುವವರಿಗೆ ಈ ಹಿಡಿತ ಬರುವುದು ತಡ.

ಇನ್ನು ನಿಷ್ಠೆಯ ವಿಷಯ. ನಮ್ಮ ಊರಿನಲ್ಲಿ ಬೆಣ್ಣೆ ದೋಸೆಗೆ ಒಬ್ಬೊಬ್ಬರದು ಒಂದೊಂದು ಹೋಟೆಲ್. ಅಪ್ಪ ಹೋಗುತ್ತಿದ್ದ ಕಡೆಗೇ ಮಗನೂ ಹೋಗುತ್ತಾನೆ, ಬೇರೆ ಕಡೆ ತಿಂದರೂ ‘ನಮ್ ಕಡೇದೇ ಬೇರೆ ಬಿಡ್ರಿ’ ಅನ್ನುತ್ತಾನೆ. ಯೋ-ಯೋ ಬ್ರ್ಯಾಂಡ್‌ನ ಮೇಲಿನ ಪ್ರೀತಿ ಹಾಗೆ ಹುಟ್ಟಿದರೆ ಚೆಂದ: ತಿಂದು, ರುಚಿ ಕಂಡು, ಮತ್ತೆ ಹೋಗಿ. ಸ್ಪಾನ್ಸರ್ ಸಿಗಲಿ ಎಂಬ ಆಸೆಯಿಂದ ಕಂಪನಿಯ ಪ್ರತಿ ಫೋಟೊಗೂ ‘ವಿಶ್ವದ ಅತ್ಯುತ್ತಮ ಯೋ-ಯೋ’ ಅಂತ ಕಮೆಂಟ್ ಹಾಕುತ್ತಾ ಕೂತರೆ ಅವರು ಅದನ್ನು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಬೇರೆ ಬ್ರ್ಯಾಂಡ್ ಆಡುವವರನ್ನು ಹೀಯಾಳಿಸುವುದಂತೂ ಕೂಡದು. ಈ ಆಟದ ಪ್ರಪಂಚ ಬಹಳ ಸಣ್ಣದು. ಇವತ್ತು ಒಂದು ಕಂಪನಿಯ ತಂಡದಲ್ಲಿ ಇರುವವರು ನಾಳೆ ಇನ್ನೊಂದು ಕಂಪನಿಯಲ್ಲಿ ತಂಡ ನೋಡಿಕೊಳ್ಳುವವರಾಗಿರುತ್ತಾರೆ.

ಯಾವ ಬ್ರ್ಯಾಂಡ್ ಕೊಳ್ಳಲಿ?

ಹೊಸಬರಿಗೆ ನಾನು ಬ್ರ್ಯಾಂಡ್ ಹೇಳುವ ಮೊದಲು ಆಟ ಯಾವುದು ಅಂತ ಕೇಳುತ್ತೇನೆ. ಒಂದು ಯೋ-ಯೋ, ಉದ್ದ ದಾರ, ದಾರದ ಮೇಲೆ ಕಸರತ್ತು ಇದ್ದರೆ 1ಎ. ಎರಡು ಕೈಯಲ್ಲಿ ಎರಡು ಯೋ-ಯೋ ಸುತ್ತಿಸುವುದು 2ಎ. ಎರಡು ಕೈಯಲ್ಲೂ ಉದ್ದ ದಾರದ ಆಟ 3ಎ. ಯೋ-ಯೋ ದಾರಕ್ಕೆ ಕಟ್ಟಿರದೆ ಗಾಳಿಯಲ್ಲಿ ಹಾರಿ ಬಂದು ದಾರದ ಮೇಲೆ ಕೂರುವುದು 4ಎ. ದಾರದ ಇನ್ನೊಂದು ತುದಿ ಬೆರಳಿಗೆ ಬದಲು ಒಂದು ಸಣ್ಣ ತೂಕಕ್ಕೆ ಕಟ್ಟಿರುವುದು 5ಎ. ಒಂದೊಂದಕ್ಕೆ ಒಂದೊಂದು ಆಕಾರದ ಯೋ-ಯೋ.

ನಮ್ಮಲ್ಲಿ ಹೆಚ್ಚಿನವರು ಆಡುವುದು 1ಎ. ಅದಕ್ಕೆ ಚೀನಾದ ಮ್ಯಾಜಿಕ್‌ಯೋಯೋ ಕಡಿಮೆ ದುಡ್ಡಿಗೆ ಅಲ್ಯೂಮಿನಿಯಂ ಯೋ-ಯೋ ಕೊಡುತ್ತದೆ, ಕಲಿಯುವುದಕ್ಕೆ ಯಾವ ಕೊರತೆಯೂ ಇಲ್ಲ. ದುಬಾರಿ ಬ್ರ್ಯಾಂಡ್ ಕೈಯಲ್ಲಿ ಇಲ್ಲ ಅಂತ ಯಾರೂ ಕೀಳರಿಮೆ ಪಡಬೇಕಾಗಿಲ್ಲ.

ಎಷ್ಟು ಚೆನ್ನಾಗಿ ಆಡಬೇಕು?

ಗೆಲ್ಲುವುದರಿಂದಲೇ ಸ್ಪಾನ್ಸರ್ ಪಡೆಯಬೇಕು ಅಂತಿದ್ದರೆ ದಾರಿ ಉದ್ದ. ದೊಡ್ಡ ಸ್ಪರ್ಧೆಗಳ ಫೈನಲ್‌ನಲ್ಲಿ ಸಂಗೀತಕ್ಕೆ 3 ನಿಮಿಷ ಆಡಬೇಕು. ತೀರ್ಪುಗಾರರ ಕೈಯಲ್ಲಿ ಕ್ಲಿಕ್ಕರ್ ಇರುತ್ತದೆ. ಕಷ್ಟದ ಚಲನೆ ಸರಿಯಾಗಿ ಬಂದಷ್ಟೂ ಒತ್ತುತ್ತಾ ಹೋಗುತ್ತಾರೆ. ತಪ್ಪಿದ್ದಕ್ಕೆ ಅಂಕ ಕಳೆಯುತ್ತಾರೆ: ಯೋ-ಯೋ ನಿಂತರೆ 1, ಬೇರೆ ಯೋ-ಯೋ ತೆಗೆದುಕೊಂಡರೆ 3, ಯೋ-ಯೋ ಬಿಚ್ಚಿ ಎರಡು ಹೋಳಾದರೆ ಅಥವಾ ಕಳಚಿಕೊಂಡರೆ 5. ವೇದಿಕೆ ಬಳಕೆ, ಸಂಗೀತಕ್ಕೆ ಹೊಂದಿಕೆ, ಹಿಡಿತ ಇವಕ್ಕೂ ಅಂಕ ಇದೆ. ನಮ್ಮ ಹುಡುಗರು ಕಷ್ಟದ ಟ್ರಿಕ್ ಮೇಲೆ ಟ್ರಿಕ್ ಕಲಿಯುತ್ತಾರೆ, 3 ನಿಮಿಷ ಒಂದೇ ಉಸಿರಿಗೆ ಆಡುವ ಅಭ್ಯಾಸ ಮಾಡುವುದಿಲ್ಲ. ವೇದಿಕೆ ಮೇಲೆ ಕೈ ಬೆವರಿ ದಾರ ಹಿಡಿದುಕೊಂಡಾಗಲೇ ಅದು ಗೊತ್ತಾಗುವುದು.

ಆದರೆ ಚಾಂಪಿಯನ್ ಆಗದ ಎಷ್ಟೋ ಜನ ತಂಡಗಳಲ್ಲಿ ಇದ್ದಾರೆ. ಒಬ್ಬರು ಚೆನ್ನಾಗಿ ವಿಡಿಯೊ ಮಾಡುತ್ತಾರೆ, ಒಬ್ಬರು ಪಾಠ ಮಾಡುತ್ತಾರೆ, ಒಬ್ಬರು ಹೊಸ ಟ್ರಿಕ್ ಹುಟ್ಟಿಸುತ್ತಾರೆ. ಹೊಸ ಟ್ರಿಕ್ ಹುಟ್ಟಿಸುವವರಿಗೆ ನಾನು ಎಲ್ಲರಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಹುಡುಗಿಯರಿಗೆ ಬೇರೆ ಸ್ಪರ್ಧೆಯಾ?

1ಎ ಇಂದ 5ಎ ವರೆಗಿನ ವಿಭಾಗಗಳಲ್ಲಿ ಎಲ್ಲರೂ ಒಟ್ಟಿಗೆ ಆಡಬಹುದು. ನಮ್ಮ ಭಾನುವಾರದ ಗುಂಪಿನಲ್ಲೂ ಹಾಗೇ.

ಬೆಂಗಳೂರಿನವರಿಗಾದರೆ ಸರಿ. ದಾವಣಗೆರೆ, ಚಿತ್ರದುರ್ಗದಂಥ ಊರಲ್ಲಿ ಕೂತು ಸ್ಪಾನ್ಸರ್ ಪಡೆಯೋದು ಆಗೋ ಮಾತಾ?

ಆಗುವ ಮಾತೇ. ಊರು ಸಣ್ಣದು ಅನ್ನುವುದನ್ನು ನಾನು ಅನುಕೂಲ ಅಂತಲೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಆಡುವವರು ಆಗಲೇ ಇದ್ದಾರೆ, ಅಲ್ಲಿ ನೀವು ಹತ್ತರಲ್ಲಿ ಒಬ್ಬರು. ಇಲ್ಲಿ ಯೋ-ಯೋ ಅಂದರೆ ನಿಮ್ಮ ಹೆಸರೇ ಬರುವ ಹಾಗೆ ಮಾಡಬಹುದು.

ದಾವಣಗೆರೆಗೆ ಇನ್ನೊಂದು ಬಲ ಇದೆ: ಇದು ಓದುವ ಮಕ್ಕಳ ಊರು. ಎಂಜಿನಿಯರಿಂಗ್, ಮೆಡಿಕಲ್, ಪಿಯು ಅಂತ ಹಾವೇರಿ, ಬಳ್ಳಾರಿ, ಶಿವಮೊಗ್ಗ, ವಿಜಯನಗರ ಕಡೆಯಿಂದ ಬಂದು ಹಾಸ್ಟೆಲ್‌ಗಳಲ್ಲಿ ಇರುತ್ತಾರೆ. ಸಂಜೆ ಹೊತ್ತು ಹಾಸ್ಟೆಲ್ ಕಾರಿಡಾರ್‌ನಲ್ಲಿ ಒಬ್ಬ ಯೋ-ಯೋ ಎಸೆದರೆ ಪಕ್ಕದ ರೂಮಿನವರು ಬಾಗಿಲು ತೆಗೆದು ಬಂದು ನಿಲ್ಲುತ್ತಾರೆ. ರಜೆಗೆ ಊರಿಗೆ ಹೋದಾಗ ಆಟ ಅವರ ಜೊತೆ ಹೋಗುತ್ತದೆ. ಚಿತ್ರದುರ್ಗ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ಬರುವ ಹುಡುಗರು ಈಗ ತಮ್ಮ ಶಾಲೆಯಲ್ಲೇ ಬೇರೆಯವರಿಗೆ ಕಲಿಸುತ್ತಿದ್ದಾರೆ. ಕಂಪನಿಗೆ ಬರೆಯುವಾಗ ಹೇಳಬೇಕಾದ ಸಂಗತಿ ಇದು. ‘ನಾನು ಇರುವ ಊರಿನಲ್ಲಿ ನಿಮ್ಮ ಯೋ-ಯೋ ಯಾರೂ ನೋಡಿರಲಿಲ್ಲ, ಈಗ ಈ ಶಾಲೆಯಲ್ಲಿ, ಈ ಹಾಸ್ಟೆಲ್‌ನಲ್ಲಿ ಆಡುತ್ತಿದ್ದಾರೆ’ ಅನ್ನುವ ಮಾತನ್ನು ದೊಡ್ಡ ನಗರದವರು ಬರೆಯಲಾರರು.

ತೊಂದರೆ ಇರುವುದು ಸ್ಪರ್ಧೆಯ ಅನುಭವದಲ್ಲಿ. ದೊಡ್ಡ ಊರಿಗೆ ಹೋಗಿ ಬರಲು ದುಡ್ಡು, ಸಮಯ ಎರಡೂ ಬೇಕು. ಅದಕ್ಕೆ ಇಲ್ಲೇ ವೇದಿಕೆ ಹುಡುಕಿ. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಕಾಲೇಜಿನ ಫೆಸ್ಟ್. ಎದುರಿಗೆ ಜನ, ಹಿಂದೆ ಸ್ಪೀಕರ್, ಕಣ್ಣಿಗೆ ಹೊಡೆಯುವ ಲೈಟು, ಇವೆಲ್ಲ ಇದ್ದಾಗ ಕೈ ನಡುಗದೆ ಆಡುವುದನ್ನು ಮನೆ ತಾರಸಿ ಮೇಲೆ ಕಲಿಯಲಾಗದು.

ವಿಡಿಯೊ ಹೇಗಿರಬೇಕು?

ಯೋ-ಯೋ ವಿಡಿಯೊದಲ್ಲಿ ದಾರ ಕಾಣದಿದ್ದರೆ ಏನೂ ಕಾಣದ ಹಾಗೆ. ಬಿಳಿ ಗೋಡೆಯ ಮುಂದೆ ಬಿಳಿ ದಾರ, ಬಿಳಿ ಅಂಗಿ ಹಾಕಿಕೊಂಡು ತೆಗೆದ ವಿಡಿಯೊಗಳು ನನಗೆ ಎಷ್ಟೋ ಬರುತ್ತವೆ. ಹುಡುಗ ಅದ್ಭುತವಾಗಿ ಆಡುತ್ತಿರುತ್ತಾನೆ, ನೋಡುವವರಿಗೆ ಕೈ ಕುಣಿಸಿದಂತೆ ಕಾಣುತ್ತದೆ. ಎದ್ದು ಕಾಣುವ ಹಳದಿ ಅಥವಾ ಹಸಿರು ದಾರ, ಒಂದೇ ಬಣ್ಣದ ಗಾಢ ಅಂಗಿ, ಬೆಳಿಗ್ಗೆಯ ಅಥವಾ ಸಂಜೆಯ ಬೆಳಕು. ಫೋನ್ ಎದೆಯ ಮಟ್ಟದಲ್ಲಿ ಇರಲಿ. ತಲೆಯ ಮೇಲಿಂದ ಮಂಡಿಯವರೆಗೆ ಫ್ರೇಮಿನಲ್ಲಿ ಬರಲಿ. ಎಸೆತದಿಂದ ಬೈಂಡ್ ತನಕ ಒಂದೇ ಶಾಟ್.

ಬೈಂಡ್ ಯಾಕೆ ಅಂದರೆ, ಈಗಿನ 1ಎ ಯೋ-ಯೋ ಎಳೆದ ಮಾತ್ರಕ್ಕೆ ಕೈಗೆ ವಾಪಸ್ ಬರುವುದಿಲ್ಲ. ಬೇರಿಂಗ್ ಅಷ್ಟು ನಯವಾಗಿ ತಿರುಗುತ್ತದೆ. ದಾರದ ಒಂದು ಸಣ್ಣ ಮಡಿಕೆಯನ್ನು ಎರಡು ಹೋಳುಗಳ ಸಂದಿಗೆ ತೂರಿಸಬೇಕು. ಆಗ ದಾರ ಅಲ್ಲಿ ದಪ್ಪವಾಗಿ, ಎರಡೂ ಬದಿಯ ಸಿಲಿಕೋನ್ ಪ್ಯಾಡ್‌ಗೆ ತಾಗಿ ಕಚ್ಚಿಕೊಂಡು, ಯೋ-ಯೋ ಸರ್ರನೆ ಮೇಲೆ ಬರುತ್ತದೆ. ಬೈಂಡ್ ಬರುವ ಮೊದಲೇ ಕತ್ತರಿಸಿದ ವಿಡಿಯೊ ನೋಡಿದರೆ ತಿಳಿದವರಿಗೆ ಅನುಮಾನ ಬರುತ್ತದೆ: ಟ್ರಿಕ್ ಪೂರ್ತಿ ಆಯಿತೋ ಇಲ್ಲವೋ?

ಚಿತ್ರದುರ್ಗದ ಕೋಟೆಯಲ್ಲಿ ತೆಗೆದರೆ ಚೆನ್ನಾಗಿ ಬರುತ್ತದೆ. ಆ ಬೂದು ಬಂಡೆಯ ಮುಂದೆ ಹಳದಿ ದಾರ ಗೆರೆ ಎಳೆದಂತೆ ಕಾಣುತ್ತದೆ. ಆದರೆ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಇರುವ ಸ್ಮಾರಕ. ಟ್ರೈಪಾಡ್ ಇಡಬೇಕೆಂದರೆ ಅನುಮತಿ ಬೇಕು, ಮೊದಲೇ ವಿಚಾರಿಸಿ. ಇನ್ನೊಂದು ಮಾತು: ಕಲ್ಲಿನ ಮೇಲೆ ಅಲ್ಯೂಮಿನಿಯಂ ಯೋ-ಯೋ ಬಿದ್ದರೆ ಅಂಚಿನಲ್ಲಿ ನೆಗ್ಗು ಬೀಳುತ್ತದೆ. ಆಮೇಲೆ ತಿರುಗುವಾಗ ಬೆರಳಿಗೆ ತಾಗಿದರೆ ಚರ್ಮ ಕೆರೆಯುತ್ತದೆ. ಹುಲ್ಲು ಇರುವ ಕಡೆ ನಿಂತು ತೆಗೆಯಿರಿ.

ಕಂಪನಿಗೆ ಏನಂತ ಬರೆಯಬೇಕು?

‘ಪ್ಲೀಸ್ ಸ್ಪಾನ್ಸರ್ ಮಿ’ ಅಂತ ಒಂದು ಸಾಲು ಮೆಸೇಜ್ ಹಾಕಬೇಡಿ. ಕಂಪನಿಯ ಇಮೇಲ್‌ಗೆ ಬರೆಯಿರಿ. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಬಲ್ಲವರ ಕೈಯಲ್ಲಿ ಇಂಗ್ಲಿಷ್ ಮಾಡಿಸಿ. ನಾನು ಮಕ್ಕಳಿಗೆ ಬರೆಸುವುದು ಹೆಚ್ಚುಕಡಿಮೆ ಹೀಗೆ:

‘ನನ್ನ ಹೆಸರು ಇದು, ವಯಸ್ಸು ಇಷ್ಟು, ಕರ್ನಾಟಕದ ದಾವಣಗೆರೆಯವನು. 1ಎ ಆಡುತ್ತೇನೆ. ನಿಮ್ಮ ಈ ಮಾಡೆಲ್ ಬಳಸುತ್ತಿದ್ದೇನೆ, ದಾರ ಪದರ ಪದರವಾಗಿ ಕೂರುವ ಟ್ರಿಕ್‌ಗಳಲ್ಲಿ ಇದರ ಅಗಲವಾದ ಸಂದಿ ನನಗೆ ಅನುಕೂಲವಾಗಿದೆ. ನಾನು ಹುಟ್ಟಿಸಿದ ಎರಡು ಟ್ರಿಕ್‌ಗಳ ವಿಡಿಯೊ ಕಳಿಸುತ್ತಿದ್ದೇನೆ. ಪ್ರತಿ ಭಾನುವಾರ ಇಲ್ಲಿ ಮಕ್ಕಳಿಗೆ ಕಲಿಸುತ್ತೇವೆ, ಅದರ ಫೋಟೊ ಇದೆ. ಮುಂದಿನ ಆರು ತಿಂಗಳಲ್ಲಿ ಎರಡು ಶಾಲೆಗಳಲ್ಲಿ ಕಾರ್ಯಾಗಾರ ಮಾಡುವ ಯೋಚನೆ ಇದೆ. ಅದಕ್ಕೆ ಕಲಿಯುವವರ ಯೋ-ಯೋ ಮತ್ತು ದಾರದ ರೂಪದಲ್ಲಿ ನಿಮ್ಮಿಂದ ಸಹಾಯ ಸಿಕ್ಕರೆ ಉಪಯೋಗವಾಗುತ್ತದೆ.’

ಇದರಲ್ಲಿ ‘ನನಗೆ ಕೊಡಿ’ ಅನ್ನುವುದು ಎಲ್ಲೂ ಇಲ್ಲ. ಮಾಡೆಲ್ ಬಗ್ಗೆ ಹೇಳಿದ ಒಂದು ಸಾಲು ಮುಖ್ಯ. ಅದನ್ನು ಆಡಿದವರು ಮಾತ್ರ ಬರೆಯಬಲ್ಲರು. ಒಂದೇ ಪತ್ರವನ್ನು ಹೆಸರು ಬದಲಿಸಿ ಹತ್ತು ಕಂಪನಿಗೆ ಕಳಿಸಬೇಡಿ. ಹೆಸರು ಬದಲಿಸಲು ಮರೆತ ಪತ್ರ ಅವರಿಗೆ ದಿನಾ ಬರುತ್ತಿರುತ್ತದೆ.

ಕರಾರಿಗೆ ಸಹಿ ಹಾಕುವ ಮೊದಲು ಏನು ನೋಡಬೇಕು? (ಪೋಷಕರಿಗೆ)

1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಆದ್ದರಿಂದ ಮಗ ಅಥವಾ ಮಗಳ ಕಡೆಯಿಂದ ಮಾತುಕತೆ ನೀವೇ ಆಡಬೇಕು. ‘ಮಕ್ಕಳ ಆಟದ ವಿಷಯ’ ಅಂತ ಬಿಟ್ಟುಬಿಡಬೇಡಿ.

ಅವಧಿ ಎಷ್ಟು ಅಂತ ನೋಡಿ. ಒಂದು ವರ್ಷ ಸಾಕು. ‘ಬೇರೆ ಬ್ರ್ಯಾಂಡ್ ಬಳಸಬಾರದು’ ಅಂತ ಇದ್ದರೆ ಎಲ್ಲಿ ಬಳಸಬಾರದು ಅಂತ ಸ್ಪಷ್ಟ ಮಾಡಿಕೊಳ್ಳಿ: ಸ್ಪರ್ಧೆಯಲ್ಲಾ, ವಿಡಿಯೊದಲ್ಲಾ, ಮನೆಯಲ್ಲೂ ಕೂಡದಾ? ಸ್ಪರ್ಧೆ ಮತ್ತು ವಿಡಿಯೊ ಎರಡಕ್ಕೆ ಒಪ್ಪಬಹುದು. ಗೆಳೆಯರ ಜೊತೆ ಆಡುವಾಗ ಯಾವ ಯೋ-ಯೋ ಹಿಡಿಯಬೇಕು ಅನ್ನುವುದಕ್ಕೆ ಕಂಪನಿ ಕಟ್ಟುಪಾಡು ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಮಗು ಮಾಡಿದ ವಿಡಿಯೊ, ಫೋಟೊಗಳನ್ನು ಕರಾರು ಮುಗಿದ ಮೇಲೂ ಬಳಸುತ್ತಾರಾ? ತಿಂಗಳಿಗೆ ಇಷ್ಟು ವಿಡಿಯೊ ಅಂತ ಇದ್ದರೆ ಪರೀಕ್ಷೆಯ ತಿಂಗಳಲ್ಲಿ ವಿನಾಯಿತಿ ಇದೆಯಾ? ಮಧ್ಯದಲ್ಲಿ ಬಿಟ್ಟರೆ ಕೊಟ್ಟ ಸಾಮಾನು ವಾಪಸ್ ಕೊಡಬೇಕಾ? ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿ. ಒಳ್ಳೆಯ ಕಂಪನಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

‘ಅಂಬಾಸಡರ್ ಆಗಿ, ಮೊದಲು ಇಷ್ಟು ದುಡ್ಡಿನ ಸಾಮಾನು ಕೊಳ್ಳಿ’ ಅಂತ ಮೆಸೇಜ್ ಬಂದಿದೆ. ಇದು ಸ್ಪಾನ್ಸರ್ರಾ?

ಅಲ್ಲ. ಅದು ವ್ಯಾಪಾರ, ಅಲ್ಲಿ ಗಿರಾಕಿ ನೀವು. ದುಡ್ಡು, ಓಟಿಪಿ, ಪಾಸ್‌ವರ್ಡ್ ಯಾವುದನ್ನೂ ಕೊಡಬೇಡಿ.

ಕಂಪನಿ ಕೊಟ್ಟ ಯೋ-ಯೋ ನನಗೆ ಹಿಡಿಸದಿದ್ದರೆ ಹೊಗಳಲೇಬೇಕಾ?

ಬೇಡ. ಹಿಡಿಸದಿದ್ದರೆ ಮೊದಲು ಕಂಪನಿಗೇ ತಿಳಿಸಿ, ಏನು ಕೊರತೆ ಅಂತ ಬಿಡಿಸಿ ಹೇಳಿ. ಅಂಥ ಮಾತಿಗೆ ತಯಾರಕರು ಬೆಲೆ ಕೊಡುತ್ತಾರೆ, ಮುಂದಿನ ಮಾಡೆಲ್ ಸುಧಾರಿಸುವುದು ಅದರಿಂದಲೇ. ವಿಡಿಯೊದಲ್ಲಿ ಸುಳ್ಳು ಹೊಗಳಿಕೆ ಬೇಡ. ನಿಮ್ಮ ಮಾತು ನಂಬಿ ಮನೆಯಲ್ಲಿ ಹಟ ಮಾಡಿ ಕೊಂಡ ಹತ್ತು ವರ್ಷದ ಹುಡುಗ ನಾಳೆ ನಿಮ್ಮೆದುರಿಗೇ ಬಂದು ನಿಲ್ಲುತ್ತಾನೆ. ನಮ್ಮ ಊರಿನಲ್ಲಿ ಮುಖ ತಪ್ಪಿಸಿಕೊಂಡು ಓಡಾಡಲು ಆಗುವುದಿಲ್ಲ.

ಪುಕ್ಕಟೆ ಬಂದದ್ದನ್ನು ಪುಕ್ಕಟೆ ಬಂದದ್ದು ಅಂತ ಹೇಳುವುದು ನಿಯಮವೂ ಹೌದು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿವೆ. ದುಡ್ಡು ಮಾತ್ರವಲ್ಲ, ಉಚಿತ ಸಾಮಾನು, ರಿಯಾಯಿತಿ ಪಡೆದಿದ್ದರೂ ತಿಳಿಸಬೇಕು. ಕನ್ನಡದ ವಿಡಿಯೊ ಆದರೆ ಶುರುವಿನಲ್ಲೇ ಕನ್ನಡದಲ್ಲಿ ಹೇಳಿ: ‘ಈ ಯೋ-ಯೋ ಕಂಪನಿಯವರು ಉಚಿತವಾಗಿ ಕಳಿಸಿದ್ದು.’ ಅಷ್ಟು ಸಾಕು.

ವಿದೇಶದಿಂದ ಪಾರ್ಸೆಲ್ ಬಂದರೆ ದುಡ್ಡು ಕಟ್ಟಬೇಕಾ?

ಕಟ್ಟಬೇಕಾಗಿ ಬರಬಹುದು, ಮತ್ತು ಅದು ಸಣ್ಣ ಮೊತ್ತ ಅಲ್ಲ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಕಂಪನಿ ಪುಕ್ಕಟೆ ಕಳಿಸಿದರೂ ಸುಂಕ ಲೆಕ್ಕ ಹಾಕುವುದು ಸಾಮಾನಿನ ಬೆಲೆಯ ಮೇಲೆ. ‘ಗಿಫ್ಟ್ ಅಂತ ಬರೆಸಿದರೆ ಬಿಡ್ತಾರಂತೆ’ ಅನ್ನುವುದು ಹಳೆಯ ಮಾತು. 2019ರ ಡಿಸೆಂಬರ್‌ನಲ್ಲಿ ಆ ಅವಕಾಶ ತೆಗೆದುಹಾಕಿದರು, ಉಳಿದಿರುವುದು ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ. ಬೆಲೆ ಕಡಿಮೆ ತೋರಿಸಿ ಅಂತ ಕಂಪನಿಯನ್ನು ಕೇಳಬೇಡಿ, ಅದು ತಪ್ಪು. ನಮ್ಮ ದೇಶದ ಮಾರಾಟಗಾರರ ಮೂಲಕ ಕೊಡಿಸಲು ಸಾಧ್ಯವೇ ಅಂತ ಕೇಳಿ. ಆಗದಿದ್ದರೆ ಸುಂಕ ಯಾರು ಕಟ್ಟುವುದು ಅಂತ ಪಾರ್ಸೆಲ್ ಹೊರಡುವ ಮೊದಲೇ ಮಾತಾಡಿ.

ದೊಡ್ಡವರಿಗೆ ಒಂದು ಮಾತು: ಇದನ್ನು ವೃತ್ತಿಯಾಗಿ ಮಾಡುವವರಿಗೆ ವರ್ಷಕ್ಕೆ 20,000 ರೂಪಾಯಿ ದಾಟಿದ ಸಾಮಾನು, ಸವಲತ್ತುಗಳ ಮೇಲೆ ಶೇ 10 ಟಿಡಿಎಸ್ ಹಿಡಿಯುವ ನಿಯಮ 2022ರ ಜುಲೈ 1ರಿಂದ ಬಂತು. ಏನೇನು ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಊರಿನ ಅಂಗಡಿಯವರನ್ನು ಸ್ಪಾನ್ಸರ್ ಕೇಳಬಹುದಾ?

ಖಂಡಿತ ಕೇಳಿ. ನಿಜ ಹೇಳಬೇಕೆಂದರೆ ಇಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ಅಮೆರಿಕದ ಕಂಪನಿಗೆ ನೀವು ಒಂದು ಇಮೇಲ್, ನಿಮ್ಮ ಬಡಾವಣೆಯ ಬುಕ್ ಸ್ಟಾಲ್ ಮಾಲೀಕರಿಗೆ ನೀವು ಕಣ್ಣೆದುರು ಬೆಳೆದ ಹುಡುಗ. ಶಾಲೆ ಶುರುವಾಗುವ ಹೊತ್ತಿಗೆ ಅಂಗಡಿಯ ಮುಂದೆ ಅರ್ಧ ಗಂಟೆ ಆಡಿ ಜನ ಸೇರಿಸಿ. ಬದಲಿಗೆ ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜು, ಅಥವಾ ಕಲಿಯುವ ಮಕ್ಕಳಿಗೆ ದಾರ, ಅಥವಾ ಕಾರ್ಯಕ್ರಮಕ್ಕೆ ಒಂದು ಬ್ಯಾನರ್ ಕೇಳಿ. ಹೋಗುವಾಗ ಯೋ-ಯೋ ಕೈಯಲ್ಲೇ ಇರಲಿ. ಮಾತಿಗಿಂತ ಮೊದಲು ಒಂದು ‘ರಾಕ್ ದ ಬೇಬಿ’ ಮಾಡಿ ತೋರಿಸಿ. ದಾರದಿಂದ ತೊಟ್ಟಿಲು ಕಟ್ಟಿ ಅದರೊಳಗೆ ಯೋ-ಯೋ ತೂಗುವುದು ಕಂಡರೆ ಗಲ್ಲಾದಲ್ಲಿ ಕೂತವರು ತಲೆ ಎತ್ತದೆ ಇರಲಾರರು. ‘ನಮ್ ಕಾಲದಾಗ ಬುಗುರಿ ಆಡ್ತಿದ್ವಿ ನೋಡಪಾ’ ಅಂತ ಅವರೇ ಮಾತು ಶುರು ಮಾಡುತ್ತಾರೆ.

ಕಾರ್ಯಕ್ರಮ ಆದ ಮೇಲೆ ಫೋಟೊ ತೆಗೆದುಕೊಂಡು ಹೋಗಿ ಕೊಟ್ಟು, ಕೊಟ್ಟ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಹೇಳಿ ಬನ್ನಿ. ಮುಂದಿನ ವರ್ಷ ಅವರೇ ಕರೆಯುತ್ತಾರೆ.

ಯಾರಿಂದ ತೆಗೆದುಕೊಳ್ಳಬಾರದು ಅನ್ನುವುದೂ ಇದೆ. ತಂಬಾಕು, ಗುಟ್ಕಾ ಹೆಸರಿನ ಬ್ಯಾನರ್ ಮುಂದೆ ಆಡಬೇಡಿ. ತಂಬಾಕು ಉತ್ಪನ್ನದ ಪ್ರಾಯೋಜಕತ್ವವನ್ನು 2003ರ ಕಾಯ್ದೆಯೇ ನಿಷೇಧಿಸಿದೆ. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳ ಪ್ರಚಾರಕ್ಕೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆ ಹಾಕಿದೆ. ಕಾನೂನು ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ನಮ್ಮನ್ನು ನೋಡುವವರು ಮಕ್ಕಳು.

ಸ್ಪಾನ್ಸರ್ ಮಾಡಿದ ಕಂಪನಿಯೇ ಮುಚ್ಚಿಹೋದರೆ?

ಹಾಗೂ ಆಗಿದೆ. ಡಂಕನ್ 1965ರಲ್ಲಿ ‘ಯೋ-ಯೋ’ ಎಂಬ ಟ್ರೇಡ್‌ಮಾರ್ಕ್ ಹಕ್ಕನ್ನು ನ್ಯಾಯಾಲಯದಲ್ಲಿ ಕಳೆದುಕೊಂಡು ಅದೇ ವರ್ಷ ದಿವಾಳಿಯಾಯಿತು. ಅದರ ಹೆಸರನ್ನು 1968ರಲ್ಲಿ ಫ್ಲ್ಯಾಂಬೊ ಕಂಪನಿ ಕೊಂಡು ಉಳಿಸಿತು, ಇವತ್ತಿಗೂ ಡಂಕನ್ ಯೋ-ಯೋ ಬರುತ್ತಿದೆ. ಒಂದು ಕಾಲಕ್ಕೆ ಚಾಂಪಿಯನ್ನರ ತಂಡವನ್ನೇ ಕಟ್ಟಿದ್ದ ಯೋಯೋಜ್ಯಾಮ್ ಕಂಪನಿ 2015ರಲ್ಲಿ ಬಾಗಿಲು ಹಾಕಿತು. ಅದರ ಆಟಗಾರರು ಬೇರೆ ಬ್ರ್ಯಾಂಡ್ ಹುಡುಕಿಕೊಂಡರು. ಅವರನ್ನು ಯಾರೂ ನಿಷ್ಠೆ ಇಲ್ಲದವರು ಅನ್ನಲಿಲ್ಲ.

ಕೈಯಲ್ಲಿರುವ ಯೋ-ಯೋ ಮೂಲೆ ಸೇರುತ್ತದೆ ಅನ್ನುವ ಭಯ ಬೇಡ. ಈಗಿನ ಬಹುತೇಕ ಯೋ-ಯೋಗಳಲ್ಲಿ ಇರುವುದು ‘ಸಿ’ ಸೈಜಿನ ಬೇರಿಂಗ್. ಒಳಗಿನ ಅಡ್ಡಳತೆ ಕಾಲು ಇಂಚು, ಹೊರಗಿನದು ಅರ್ಧ ಇಂಚು, ಅಗಲ 0.187 ಇಂಚು. ಬೇರಿಂಗ್ ಅಂಗಡಿಗೆ ಹೋಗಿ ‘ಆರ್ 188 ಝಡ್ ಝಡ್’ ಅಂತ ಕೇಳಿ, ಅದೇ ಅಳತೆಯದು. ತಂದ ಮೇಲೆ ಒಳಗಿನ ಗ್ರೀಸ್ ತೊಳೆಯಬೇಕು. ಬದಿಯ ಮುಚ್ಚಳ ತೆಗೆದು ಥಿನ್ನರ್‌ನಲ್ಲಿ ಅಲ್ಲಾಡಿಸಿ, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ಪೆನ್ಸಿಲ್ ತುದಿಗೆ ಸಿಕ್ಕಿಸಿ ಬೆರಳಿನಿಂದ ತಟ್ಟಿ ನೋಡಿ. ಸದ್ದಿಲ್ಲದೆ ಸುತ್ತಿದರೆ ಸರಿ. ಈ ಕೆಲಸ ಬಯಲಿನಲ್ಲಿ, ದೊಡ್ಡವರು ಜೊತೆಯಲ್ಲಿದ್ದಾಗ, ಒಲೆಯಿಂದ ದೂರ ಮಾಡಿ.

ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ದ್ರೋಹ ಅಲ್ಲವಾ?

ಹೇಳಿ ಹೋದರೆ ಅಲ್ಲ. ಅವಧಿ ಮುಗಿಯಲು ಬಿಡಿ, ನೀವೇ ತಿಳಿಸಿ, ಇಷ್ಟು ದಿನ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿ, ಒಪ್ಪಿಕೊಂಡ ವಿಡಿಯೊ ಬಾಕಿ ಇದ್ದರೆ ಮುಗಿಸಿಕೊಡಿ. ಹೊಸ ಕಂಪನಿಯ ಟೀ ಶರ್ಟ್ ಹಾಕಿಕೊಂಡು ಹಳೆಯದನ್ನು ಬೈಯುವವರನ್ನು ಹೊಸ ಕಂಪನಿಯೂ ನಂಬುವುದಿಲ್ಲ.

ಓದು ಹಾಳಾಗುತ್ತಾ? (ಇದು ಅಮ್ಮಂದಿರ ಪ್ರಶ್ನೆ)

ಅಮ್ಮಾ, ಹೊತ್ತು ಗೊತ್ತು ಇಲ್ಲದಿದ್ದರೆ ಯಾವ ಆಟವಾದರೂ ಹಾಳು ಮಾಡುತ್ತದೆ. ದಿನಕ್ಕೆ ಒಂದು ಹೊತ್ತು ಗುರುತು ಮಾಡಿ ಕೊಡಿ, ಉಳಿದ ಹೊತ್ತು ಯೋ-ಯೋ ನಿಮ್ಮ ಹತ್ತಿರ ಇರಲಿ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಯ ತಿಂಗಳುಗಳಲ್ಲಿ ನಮ್ಮ ಗುಂಪಿಗೆ ಆ ಮಕ್ಕಳನ್ನು ನಾವೇ ಸೇರಿಸಿಕೊಳ್ಳುವುದಿಲ್ಲ. ಆಟದಿಂದ ಆಗುವ ಒಳಿತನ್ನೂ ನೋಡಿ: ಬಾಯಿ ಬಿಡದ ಮಗು ಹತ್ತು ಜನರ ಮುಂದೆ ನಿಂತು ‘ಹೀಗೆ ಹಿಡೀರಿ’ ಅಂತ ಕಲಿಸುವುದನ್ನು ನಾನು ಕಂಡಿದ್ದೇನೆ.

ಕಂಪನಿ ಬೇಡ ಅಂದಿತು, ಅಥವಾ ಉತ್ತರವೇ ಬರಲಿಲ್ಲ. ಮತ್ತೆ ಯಾವಾಗ ಬರೆಯಬಹುದು?

ಹೊಸದಾಗಿ ತೋರಿಸಲು ಏನಾದರೂ ಇದ್ದಾಗ. ಒಂದು ಹೊಸ ಟ್ರಿಕ್, ಒಂದು ಸ್ಪರ್ಧೆ, ಒಂದು ಶಾಲೆಯ ಕಾರ್ಯಾಗಾರ. ‘ನನ್ನ ಮೇಲ್ ನೋಡಿದಿರಾ?’ ಅಂತ ವಾರ ವಾರ ಕೇಳಬೇಡಿ. ಆರು ತಿಂಗಳು ಬಿಟ್ಟು, ಹಳೆಯ ಇಮೇಲ್‌ಗೇ ಉತ್ತರದ ರೂಪದಲ್ಲಿ ಬರೆಯಿರಿ. ಆಗ ಮೊದಲು ಏನು ಹೇಳಿದ್ದಿರಿ, ಅದರಲ್ಲಿ ಏನೇನು ಮಾಡಿದ್ದೀರಿ ಅನ್ನುವುದು ಅವರಿಗೆ ಒಂದೇ ಕಡೆ ಕಾಣುತ್ತದೆ. ಬರೆದದ್ದನ್ನು ಕಳಿಸುವ ಮುಂಚೆ ಭಾನುವಾರ ತನ್ನಿ, ಕೂತು ಓದೋಣ.